ಕ್ಯಾಲಿಫೋರ್ನಿಯಾದಲ್ಲಿ ಮನೆಯ ಛಾವಣಿ ಬದಲಿಸಬೇಕು. ಕಂಟ್ರಾಕ್ಟರ್ ತನ್ನ ಹತ್ತಿರ ವರ್ಕರ್ಸ್ ಕಾಂಪೆನ್ಸೇಶನ್ ವಿಮೆ, ಅಂದರೆ ಕೆಲಸದಲ್ಲಿ ಗಾಯಗೊಂಡ ಕೆಲಸಗಾರನ ಖರ್ಚು ಭರಿಸುವ ವಿಮೆ, ಇದೆ ಅನ್ನುತ್ತಾನೆ. ನಿಜವೋ ಅಲ್ಲವೋ ತಿಳಿಯುವುದು ಹೇಗೆ?

ಮೊದಲು ಅವನ ಲೈಸೆನ್ಸ್ ನಂಬರ್ ಕೇಳಿ. ಕಂಟ್ರಾಕ್ಟರುಗಳಿಗೆ ಲೈಸೆನ್ಸ್ ಕೊಡುವ ರಾಜ್ಯದ ಮಂಡಳಿ ಸಿಎಸ್‌ಎಲ್‌ಬಿ. ಅದರ ಜಾಲತಾಣದಲ್ಲಿ ಆ ನಂಬರ್ ಹಾಕಿದರೆ ವಿಮೆ ಇದೆಯೋ, ಅಥವಾ "ನನಗೆ ಕೆಲಸಗಾರರೇ ಇಲ್ಲ" ಎಂದು ವಿನಾಯಿತಿ ಪಡೆದಿದ್ದಾನೋ ಗೊತ್ತಾಗುತ್ತದೆ. ದುಡ್ಡೇನೂ ಕೊಡಬೇಕಿಲ್ಲ. ವಿನಾಯಿತಿ ಅಂತ ಇದ್ದು, ಕೆಲಸಕ್ಕೆ ನಾಲ್ಕು ಜನ ಬಂದರೆ ದಯವಿಟ್ಟು ಸುಮ್ನೆ ಬಿಡಬೇಡಿ. ಇಲ್ಲಿ ಒಬ್ಬನೇ ನೌಕರ ಇದ್ದರೂ ವಿಮೆ ಕಡ್ಡಾಯ. ಸಣ್ಣ ಅಂಗಡಿಗೂ ಅದೇ ನಿಯಮ. ಛಾವಣಿ ಕೆಲಸದ ಸಿ-39 ಲೈಸೆನ್ಸ್ ಇದ್ದವರಿಗಂತೂ ನೌಕರರು ಇಲ್ಲದಿದ್ದರೂ ವಿಮೆ ಬೇಕೇ ಬೇಕು. ಬೀಳುವ ಅಪಾಯ ಜಾಸ್ತಿ ಅಲ್ವಾ?

ಆಮೇಲೆ ವಿಮಾ ಸರ್ಟಿಫಿಕೇಟ್ ಕೇಳಿ. ಸಾಮಾನ್ಯವಾಗಿ ಅದು ಅಕಾರ್ಡ್ 25 ಎಂಬ ಒಂದು ಪುಟದ ನಮೂನೆ. ಅದರಲ್ಲಿ ವರ್ಕರ್ಸ್ ಕಾಂಪೆನ್ಸೇಶನ್ ಸಾಲು ತುಂಬಿದೆಯಾ, ಅವಧಿ ಯಾವಾಗ ಮುಗಿಯುತ್ತದೆ ನೋಡಿ. ತುಂಬಾ ಜನ ಜನರಲ್ ಲಯಬಿಲಿಟಿ (ಹೊರಗಿನವರಿಗೆ, ಅವರ ಆಸ್ತಿಗೆ ಆಗುವ ಹಾನಿಯ ವಿಮೆ) ಸಾಲು ನೋಡಿ ಸಮಾಧಾನಪಡುತ್ತಾರೆ. ಅದು ಕೆಲಸಗಾರನ ಗಾಯಕ್ಕೆ ಆಗಿಬರುವುದಿಲ್ಲ.

ಸರ್ಟಿಫಿಕೇಟ್ ಕೊಟ್ಟ ಮರುದಿನವೇ ಪಾಲಿಸಿ ರದ್ದಾಗಬಹುದು. ಹಾಗಾಗಿ ಕಂಟ್ರಾಕ್ಟರ್ ಕೊಟ್ಟ ಜೆರಾಕ್ಸ್ ನಂಬಬೇಡಿ. ವಿಮಾ ಏಜೆಂಟರಿಂದಲೇ ನೇರವಾಗಿ, ನಿಮ್ಮ ಹೆಸರಿಗೆ ತರಿಸಿಕೊಳ್ಳಿ. ಕೆಲಸ ಶುರುವಾಗುವ ದಿನ ಏಜೆಂಟರಿಗೆ ಇನ್ನೊಮ್ಮೆ ಫೋನ್ ಮಾಡಿ. ವಿಮೆ ಇಲ್ಲದ ಕೆಲಸಗಾರ ನಿಮ್ಮ ಮನೆಯ ಮೇಲಿಂದ ಬಿದ್ದರೆ, ಅವನ ಆಸ್ಪತ್ರೆ ಖರ್ಚು ನಿಮ್ಮ ತಲೆಗೇ ಬರಬಹುದು.