ಎದುರು ಮನೆ ಮೇಷ್ಟ್ರಿಗೆ ಅಷ್ಟು, ನಮ್ಮಮ್ಮನಿಗೆ ಇಷ್ಟೇ ಯಾಕೆ?

ನಿಮ್ಮಮ್ಮನಿಗೆ ಸಂಧ್ಯಾ ಸುರಕ್ಷಾ, ಅಂದರೆ ವಯಸ್ಸಾದವರಿಗೆ ರಾಜ್ಯ ಸರ್ಕಾರ ಕೊಡುವ ಪಿಂಚಣಿ, ತಿಂಗಳಿಗೆ 1,200 ರೂಪಾಯಿ, ಎದುರು ಮನೆಯ ನಿವೃತ್ತ ಮೇಷ್ಟ್ರಿಗೆ ಅದರ ಮೂವತ್ತು ಪಟ್ಟು, ಎರಡಕ್ಕೂ ಪಿಂಚಣಿ ಅಂತಲೇ ಹೆಸರು, ಇದು ಹೇಗೆ ಅಂತ ಕೇಳಿದ್ದೀರಿ. ನಾನು ಶಿಡ್ಲಘಟ್ಟದವನು. ನಮ್ಮತ್ತೆ ಮೂವತ್ತು ವರ್ಷ ಬಿಸಿನೀರಲ್ಲಿ ಕೈ ಅದ್ದಿ ರೇಷ್ಮೆ ಗೂಡಿನ ಎಳೆ ತೆಗೆದವರು. ಅವರಿಗೂ ಅದೇ 1,200. ಹಾಗಾಗಿ ಈ ಲೆಕ್ಕ ನನಗೆ ಬಾಯಿಪಾಠ.

ಮೇಷ್ಟ್ರ ಪಿಂಚಣಿ ಸರ್ಕಾರ ಎಲ್ಲೋ ಕೂಡಿಟ್ಟ ಹಣ ಅಂದುಕೊಂಡಿದ್ದರೆ ಅದು ತಪ್ಪು. ಹಳೇ ಪಿಂಚಣಿಗೆ ಅಂತ ಗಂಟೇ ಇಲ್ಲ. ಈ ವರ್ಷ ಬಂದ ತೆರಿಗೆಯಲ್ಲಿ ಈ ವರ್ಷದ ಪಿಂಚಣಿ ಕೊಡುತ್ತಾರೆ. ಕೊನೆಯ ಮೂಲ ವೇತನದ ಅರ್ಧ, ಜೊತೆಗೆ ತುಟ್ಟಿಭತ್ಯೆ, ಅಂದರೆ ಬೆಲೆ ಏರಿದ ಹಾಗೆ ಏರುವ ಭತ್ಯೆ. ಈ ಭಾರ ಬೆಳೀತಾ ಹೋಗುತ್ತೆ ಅಂತಲೇ ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸರ್ಕಾರಿ ಕೆಲಸಕ್ಕೆ ಸೇರಿದವರನ್ನು ಎನ್‌ಪಿಎಸ್ ಅನ್ನೋ ಹೊಸ ಪಿಂಚಣಿ ಯೋಜನೆಗೆ ಹಾಕಿದರು. ಅದರಲ್ಲಿ ನೌಕರರೂ ಸರ್ಕಾರವೂ ದುಡ್ಡು ಹಾಕಬೇಕು, ಕೊನೆಗೆ ಎಷ್ಟು ಸಿಗುತ್ತೆ ಅನ್ನೋದು ಮಾರುಕಟ್ಟೆಗೆ ಬಿಟ್ಟಿದ್ದು. ಅದಕ್ಕೇ ಅವರು ಹಳೇದೇ ಬೇಕು ಅಂತ ಬೀದಿಗಿಳಿಯುವುದು.

ನಿಮ್ಮಮ್ಮನ ದುಡ್ಡೂ ತೆರಿಗೆಯಿಂದಲೇ ಬರುವುದು, ಮತ್ತೆ ಆ ತೆರಿಗೆಯಲ್ಲಿ ಅವರು ಕೊಂಡ ಸೋಪಿನದೂ ಸೇರಿದೆ, ಅಲ್ವಾ? ಹಾಗಾದರೆ ವ್ಯತ್ಯಾಸ ಎಲ್ಲಿ? ನನ್ನ ಪ್ರಕಾರ ಮೊತ್ತಕ್ಕಿಂತ ಜಾಸ್ತಿ ಅದು ತುಟ್ಟಿಭತ್ಯೆಯಲ್ಲಿದೆ. ಬೇಳೆ ಬೆಲೆ ಏರಿದರೆ ಮೇಷ್ಟ್ರ ಪಿಂಚಣಿ ತಾನಾಗೇ ಏರುತ್ತೆ, ಯಾರನ್ನೂ ಬೇಡಬೇಕಿಲ್ಲ. ನಿಮ್ಮಮ್ಮನದು ಏರಬೇಕಾದರೆ ಮುಖ್ಯಮಂತ್ರಿಗೆ ಮನಸ್ಸು ಬರಬೇಕು. ಕುಮಾರಸ್ವಾಮಿ ಕಾಲದಲ್ಲಿ ಸಂಧ್ಯಾ ಸುರಕ್ಷಾ 600ರಿಂದ 1,000 ಆಯಿತು, 2021ರಲ್ಲಿ ಬೊಮ್ಮಾಯಿ 1,200 ಮಾಡಿದರು. ಕೇಂದ್ರದ್ದು ಇನ್ನೂ ಚೆಂದ. ಇಂದಿರಾ ಗಾಂಧಿ ವೃದ್ಧಾಪ್ಯ ವೇತನಕ್ಕೆ 80 ವರ್ಷದೊಳಗಿನವರಿಗೆ ಕೇಂದ್ರ ಕೊಡುವುದು 200 ರೂಪಾಯಿ. 2007ರಲ್ಲೂ 200, ಈಗಲೂ 200. ಆಗ ಇನ್ನೂರಕ್ಕೆ ಏನೇನು ಬರ್ತಿತ್ತು ಅಂತ ನಿಮ್ಮಮ್ಮನನ್ನೇ ಕೇಳಿ.

ಕಂಪನಿ ಕೆಲಸದವರು ಮೇಲು ಅಂತಲೂ ಅಲ್ಲ. ಪಿಎಫ್ ಜೊತೆ ಬರುವ ಪಿಂಚಣಿಗೆ ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯಲು 15,000ದ ಮಿತಿ ಇದೆ, ಆ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಹದಿನೈದು ವರ್ಷ ದುಡಿದವನಿಗೆ 3,200 ಚಿಲ್ಲರೆ. ಕನಿಷ್ಠ ಪಿಂಚಣಿ 2014ರಿಂದ 1,000ದಲ್ಲೇ ನಿಂತಿದೆ. ಅವರಿಗೂ ತುಟ್ಟಿಭತ್ಯೆ ಇಲ್ಲ. ಆದರೆ ಅವರಿಗೆ ಸಂಘಟನೆಗಳಾದರೂ ಇವೆ, ದೆಹಲಿವರೆಗೆ ಹೋಗಿ ಕೂಗುತ್ತಾರೆ. ನಮ್ಮತ್ತೆ ಎಲ್ಲಿಗೆ ಹೋಗಿ ಕೂಗ್ತಾರೆ? ಅವರು ಮುಷ್ಕರ ಮಾಡಿದರೆ ಯಾವ ಫೈಲೂ ನಿಲ್ಲೋದಿಲ್ಲ.

ವೋಟಿನ ಲೆಕ್ಕಕ್ಕೆ ಬಂದರೆ ಏನಾಗುತ್ತೆ ಅನ್ನೋದಕ್ಕೆ ಮನೆಯ ಯಜಮಾನಿಗೆ ತಿಂಗಳು ತಿಂಗಳು ದುಡ್ಡು ಕೊಡುವ ಗೃಹಲಕ್ಷ್ಮಿ ನೋಡಿ. 2023ರಲ್ಲಿ ಶುರುವಾಯಿತು, ಶುರುವಿಗೇ 2,000. ಹದಿನಾರು ವರ್ಷ ಹಳೇದಾದ ಸಂಧ್ಯಾ ಸುರಕ್ಷಾ ಆಗಲೂ 1,200. ಎರಡೂ ಬಂದ ತಿಂಗಳು ನಮ್ಮತ್ತೆ ಖುಷಿಯಾಗಿರುತ್ತಾರೆ, ನಾನು ಸುಮ್ನೆ ಯಾಕೆ ಲೆಕ್ಕ ಹೇಳಿ ಅದನ್ನೂ ಕೆಡಿಸಲಿ!

ಮೇಷ್ಟ್ರ ಮೇಲೆ ಮಾತ್ರ ಸಿಟ್ಟಾಗಬೇಡಿ. ಅವರದನ್ನು ಕಿತ್ತರೆ ಅದು ನಿಮ್ಮಮ್ಮನ ಖಾತೆಗೇನೂ ಬರಲ್ಲ. ಕೇಳಬೇಕಾದ್ದು ಒಂದೇ, 1,200ಕ್ಕೂ ವರ್ಷವರ್ಷ ತುಟ್ಟಿಭತ್ಯೆ ಸೇರಿಸಿ ಅಂತ. ಮುಂದಿನ ಸಲ ವೋಟು ಕೇಳೋಕೆ ಬಂದವರ ಮುಂದೆ ಅಮ್ಮನ ಕೈಯಲ್ಲೇ ಕೇಳಿಸಿ. ಅಷ್ಟರೊಳಗೆ ಅವರ ಬ್ಯಾಂಕ್ ಖಾತೆಗೆ ಆಧಾರ್ ಸರಿಯಾಗಿ ಜೋಡಿಸಿದೆಯಾ ನೋಡಿಕೊಳ್ಳಿ. ಅದೊಂದು ತಪ್ಪಿದ್ದಕ್ಕೆ ನಮ್ಮತ್ತೆಗೆ ನಾಲ್ಕು ತಿಂಗಳು ದುಡ್ಡು ಬರಲಿಲ್ಲ, ಓಡಾಡಿದ ಬಸ್ ಖರ್ಚು ನನ್ನದು.