ಶಾಲೆಯಲ್ಲಿ ಸೌಮ್ಯ, ಮನೆಯಲ್ಲಿ ಸಿಡಿಮಿಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹದಿಹರೆಯದವರ ಹಾಗೂ ಆಟಿಸಂ, ಎಡಿಎಚ್‌ಡಿ ಇರುವ ಯುವಜನರ ಮಾನಸಿಕ ಆರೋಗ್ಯದ ಕುರಿತು ಬಂದ ಪತ್ರಗಳಲ್ಲಿ ಐದನ್ನು ಈ ಬಾರಿ ಆಯ್ದುಕೊಂಡಿದ್ದೇನೆ. ಆಟಿಸಂ ಎಂದರೆ ಇತರರೊಡನೆ ಬೆರೆಯುವ, ಸಂವಹನ ನಡೆಸುವ, ಸದ್ದು-ಬೆಳಕುಗಳನ್ನು ಗ್ರಹಿಸುವ ರೀತಿ ಹುಟ್ಟಿನಿಂದಲೇ ಭಿನ್ನವಾಗಿರುವುದು; ಎಡಿಎಚ್‌ಡಿ ಎಂದರೆ ಗಮನ ನಿಲ್ಲಿಸುವುದು, ಚಡಪಡಿಕೆ ತಡೆಯುವುದು ಕಷ್ಟವಾಗುವ ಸ್ಥಿತಿ. ಬರೆದವರ ಕೋರಿಕೆಯಂತೆ ಅವರ ಹೆಸರು, ಊರುಗಳನ್ನು ಕೈಬಿಡಲಾಗಿದೆ. ಪತ್ರವನ್ನು ಓದಿ ರೋಗನಿರ್ಣಯ ಮಾಡಲಾಗದು. ಆದ್ದರಿಂದ ಇಲ್ಲಿನ ಉತ್ತರಗಳು ತಜ್ಞರನ್ನು ಖುದ್ದಾಗಿ ಕಾಣುವುದಕ್ಕೆ ಬದಲಿಯಲ್ಲ.

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ. ಅವಳಿಗೆ ಆಟಿಸಂ ಇದೆಯೆಂದು ಕಳೆದ ವರ್ಷ ತಜ್ಞರು ತಿಳಿಸಿದರು. ಶಾಲೆಯಿಂದ ಅವಳ ಬಗ್ಗೆ ಒಂದು ದೂರೂ ಇಲ್ಲ. ಇಷ್ಟು ಸೌಮ್ಯ ಹುಡುಗಿ ಇನ್ನೊಬ್ಬಳಿಲ್ಲ ಎನ್ನುತ್ತಾರೆ. ಆದರೆ ಮನೆಗೆ ಕಾಲಿಟ್ಟ ಕೂಡಲೇ ಚೀಲ ಎಸೆಯುತ್ತಾಳೆ, ತಮ್ಮನ ಮೇಲೆ ಕೂಗಾಡುತ್ತಾಳೆ, ‘ಇವತ್ತು ಹೇಗಿತ್ತು?’ ಎಂದು ಕೇಳಿದರೆ ಬಾಗಿಲು ಹಾಕಿಕೊಂಡು ಅಳುತ್ತಾಳೆ. ಹೊರಗೆ ಸರಿಯಾಗಿ ಇರಬಲ್ಲವಳಿಗೆ ಮನೆಯಲ್ಲಿ ಯಾಕೆ ಸಾಧ್ಯವಾಗುತ್ತಿಲ್ಲ? ನಾವು ಸಲಿಗೆ ಕೊಟ್ಟಿದ್ದು ಹೆಚ್ಚಾಯಿತೇ?

ಉತ್ತರ: ಇದು ಸಲಿಗೆಯಿಂದ ಆದದ್ದೆಂದು ನನಗೆ ಅನ್ನಿಸುವುದಿಲ್ಲ. ಹೊರಗೆ ಸರಿಯಾಗಿದ್ದರೂ ಮನೆಯಲ್ಲಿ ಹೀಗಾಡುತ್ತಾಳೆ ಎಂದು ನೀವು ಬರೆದಿದ್ದೀರಿ. ಹೊರಗೆ ಹಾಗಿರಲು ಪಟ್ಟ ಶ್ರಮದಿಂದಲೇ ಮನೆಯಲ್ಲಿ ಹೀಗಾಗುತ್ತಿರಬಹುದೇ ಎಂದು ಯೋಚಿಸಿ ನೋಡಿ. ಆಟಿಸಂ ಇರುವ ಅನೇಕರು, ಅದರಲ್ಲೂ ಹುಡುಗಿಯರು, ಸುತ್ತಲಿನವರಂತೆ ಕಾಣಿಸಿಕೊಳ್ಳುವುದನ್ನು ಎಳವೆಯಲ್ಲೇ ಕಲಿತುಬಿಡುತ್ತಾರೆ. ಇಷ್ಟವಿಲ್ಲದಿದ್ದರೂ ಎದುರಿನವರ ಕಣ್ಣನ್ನು ನೋಡುವುದು, ಗೆಳತಿಯರು ನಕ್ಕಾಗ ಯಾಕೆಂದು ತಿಳಿಯದೆಯೂ ನಗುವುದು, ಬೆರಳುಗಳು ತಾವಾಗಿಯೇ ಆಡತೊಡಗಿದರೆ ಮೇಜಿನ ಕೆಳಗೆ ಅದುಮಿ ಹಿಡಿಯುವುದು, ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಹತ್ತಾರು ಸಲ ಹೇಳಿಕೊಂಡು ಸಿದ್ಧವಾಗಿರುವುದು, ಇಷ್ಟನ್ನೂ ಅವರು ಪಾಠ ಕೇಳುತ್ತಲೇ ದಿನವಿಡೀ ನಡೆಸಬೇಕು. ಇದನ್ನು ಮಾಸ್ಕಿಂಗ್ ಎನ್ನುತ್ತಾರೆ. ಹುಡುಗಿಯರಲ್ಲಿ ಆಟಿಸಂ ತಡವಾಗಿ ಪತ್ತೆಯಾಗುವುದಕ್ಕೆ ಇದೂ ಒಂದು ಕಾರಣ. ಆಟಿಸಂ ಇರುವ ವಯಸ್ಕರನ್ನು ಕುರಿತ ಅಧ್ಯಯನಗಳಲ್ಲಿ, ಹೀಗೆ ಹೆಚ್ಚು ಮರೆಮಾಚುವವರಲ್ಲಿ ಆತಂಕ, ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆಗಳು ಹೆಚ್ಚಾಗಿ ಕಂಡುಬಂದಿವೆ. ಆದ್ದರಿಂದ ‘ದೂರೇ ಇಲ್ಲ’ ಎಂಬ ಶಾಲೆಯ ವರದಿಯನ್ನು ನಾನು ಆರೋಗ್ಯದ ಪ್ರಮಾಣಪತ್ರವೆಂದು ಓದುವುದಿಲ್ಲ. ದೂರು ಬರದಂತೆ ನೋಡಿಕೊಳ್ಳುವ ಹೊಣೆಯೆಲ್ಲ ಆ ಮಗುವಿನ ಹೆಗಲಿಗೇ ಬಿದ್ದಿರುವ ಸಾಧ್ಯತೆ ಇರುತ್ತದೆ.

ಮನೆಗೆ ಬಂದ ಮೇಲೆ ನಡೆಯುವುದನ್ನು ಹಠವೆಂದು ಕರೆಯಲು ಬರುವುದಿಲ್ಲ. ಹಠದ ಹಿಂದೆ ಒಂದು ಬೇಡಿಕೆ ಇರುತ್ತದೆ. ಕೇಳಿದ್ದು ಸಿಕ್ಕರೆ ಸಾಮಾನ್ಯವಾಗಿ ಅದು ನಿಲ್ಲುತ್ತದೆ. ಇಲ್ಲಿ ಬೇಡಿಕೆಯೇ ಇಲ್ಲ. ತಡೆದುಕೊಳ್ಳುವ ಮಿತಿ ಮೀರಿರುವುದರಿಂದ ಏನು ಕೊಟ್ಟರೂ ತಕ್ಷಣ ನಿಲ್ಲುವುದೂ ಇಲ್ಲ. ಆ ಹೊತ್ತಿನಲ್ಲಿ ಬುದ್ಧಿವಾದ, ಪ್ರಶ್ನೆ, ಸಮಾಧಾನದ ಉದ್ದ ಮಾತು ಎಲ್ಲವೂ ಹೊರೆಯೇ. ದೀಪ ಮಂದ ಮಾಡಿ, ತಮ್ಮನನ್ನು ಬೇರೆ ಕೋಣೆಗೆ ಕಳಿಸಿ, ಅವಳು ಕರೆದರೆ ಕೇಳಿಸುವಷ್ಟು ದೂರದಲ್ಲಿ ಸುಮ್ಮನೆ ಇರಿ. ತಮ್ಮನ ಮೇಲೆ ಕೂಗಾಡುವಂತಿಲ್ಲ, ಕೈ ಮಾಡುವಂತಿಲ್ಲ ಎಂಬ ನಿಯಮ ಖಂಡಿತ ಇರಲಿ. ಆದರೆ ಅದನ್ನು ಹೇಳಬೇಕಾದದ್ದು ಎಲ್ಲ ತಣ್ಣಗಾದ ಮೇಲೆ, ಬೇಕಿದ್ದರೆ ಮರುದಿನ. ಅಳು ನಿಲ್ಲುವ ಮೊದಲೇ ಕ್ಷಮೆ ಕೇಳಿಸಲು ಹೊರಟರೆ ಎರಡನೆಯ ಸುತ್ತು ಶುರುವಾಗುತ್ತದೆ.

ಹೆಚ್ಚಿನ ಕೆಲಸ ಇರುವುದು ಇದಕ್ಕೂ ಮುಂಚೆ. ಶಾಲೆಯಿಂದ ಬಂದ ಮೊದಲ ಒಂದು ಗಂಟೆ ಯಾರೂ ಅವಳನ್ನು ಏನನ್ನೂ ಕೇಳದಿರಿ. ‘ಇವತ್ತು ಹೇಗಿತ್ತು?’ ಎಂಬುದು ನಿಮಗೆ ಅಕ್ಕರೆಯ ಮಾತಾದರೂ ಅವಳಿಗೆ ಅದು ಇಡೀ ದಿನವನ್ನು ಮತ್ತೆ ತಡಕಿ ಸಾರಾಂಶ ಒಪ್ಪಿಸಬೇಕಾದ ಇನ್ನೊಂದು ಪರೀಕ್ಷೆ. ಆಮೇಲೆ, ಬಿಡುವಿನ ದಿನವೊಂದರಲ್ಲಿ, ಶಾಲೆಯ ಯಾವ ಸದ್ದು, ಯಾವ ಬೆಳಕು, ಯಾವ ಬಟ್ಟೆ ಅವಳನ್ನು ದಣಿಸುತ್ತದೆ ಎಂಬುದನ್ನು ಒಟ್ಟಿಗೆ ಕುಳಿತು ಪಟ್ಟಿ ಮಾಡಿ. ನಾನು ಕಂಡ ಹುಡುಗಿಯೊಬ್ಬಳು ಸಮವಸ್ತ್ರದ ಕಾಲರಿನೊಳಗಿನ ಲೇಬಲ್ ಕತ್ತಿಗೆ ಚುಚ್ಚುತ್ತಿದೆ ಎಂಬುದನ್ನು ವರ್ಷಗಟ್ಟಲೆ ಯಾರಿಗೂ ಹೇಳಿರಲಿಲ್ಲ. ಎಲ್ಲರಿಗೂ ಹಾಗೆಯೇ ಚುಚ್ಚುತ್ತದೆ, ಅವರೆಲ್ಲ ಸಹಿಸುತ್ತಾರೆ, ತನ್ನಿಂದ ಮಾತ್ರ ಆಗುತ್ತಿಲ್ಲ ಎಂದೇ ಅವಳು ತಿಳಿದಿದ್ದಳು. ಲೇಬಲ್ ಕತ್ತರಿಸಲು ಒಂದು ನಿಮಿಷ ಸಾಕಾಯಿತು. ಶಾಲೆಯಲ್ಲಿ ಊಟದ ಬಿಡುವಿಗೆ ಸದ್ದಿಲ್ಲದ ಒಂದು ಜಾಗ, ಗದ್ದಲವಿರುವಲ್ಲಿ ಇಯರ್‌ಪ್ಲಗ್, ಬಾಯಿಮಾತಿನ ಸೂಚನೆಗಳ ಬದಲು ಬರೆದುಕೊಟ್ಟ ಸೂಚನೆ, ತೀರಾ ಕಷ್ಟವಾದಾಗ ಕಾರಣ ವಿವರಿಸದೆ ತರಗತಿಯಿಂದ ಹೊರಬರಲು ಒಂದು ಕಾರ್ಡ್, ಇಷ್ಟನ್ನು ಕೇಳಿ ನೋಡಿ. ಒಂದು ವಿಷಯವನ್ನು ಮಾತ್ರ ಗಮನದಲ್ಲಿಡಿ. ಮೊದಲು ತಾನಾಗಿ ಮಾಡಿಕೊಳ್ಳುತ್ತಿದ್ದ ಸ್ನಾನ, ಓದು, ಮಾತುಕತೆಗಳೆಲ್ಲ ವಾರಗಟ್ಟಲೆ ಕೈಬಿಟ್ಟುಹೋದರೆ, ಪ್ರಿಯವಾದ ಹವ್ಯಾಸವೂ ಬೇಡವೆನಿಸಿದರೆ, ಅದು ತೀವ್ರ ಬಳಲಿಕೆಯೋ ಖಿನ್ನತೆಯೋ ಎರಡೂ ಕೂಡಿದ್ದೋ ಎಂಬುದನ್ನು ಮನೆಯಲ್ಲಿ ತೀರ್ಮಾನಿಸಲಾಗದು; ಆಟಿಸಂ ಬಗ್ಗೆ ತಿಳಿದಿರುವ ಮನೋವೈದ್ಯರಿಗೆ ತೋರಿಸಿ.

ಪ್ರಶ್ನೆ: ನನಗೆ 19 ವರ್ಷ, ಆಟಿಸಂ ಇದೆ. ಆತಂಕಕ್ಕಾಗಿ ಆಪ್ತಸಮಾಲೋಚಕರೊಬ್ಬರ ಬಳಿ ಹೋಗುತ್ತಿದ್ದೇನೆ. ಪ್ರತಿ ಸಲವೂ ಅವರು ‘ಈಗ ನಿಮಗೆ ಏನನ್ನಿಸುತ್ತಿದೆ?’ ಎಂದು ಕೇಳುತ್ತಾರೆ. ನಾನು ‘ಗೊತ್ತಿಲ್ಲ’ ಎನ್ನುತ್ತೇನೆ. ನೀವು ಸಹಕರಿಸುತ್ತಿಲ್ಲ ಎಂದು ಹೋದ ಸಲ ಹೇಳಿದರು. ನಿಲ್ಲಿಸಿಬಿಡಲೇ?

ಉತ್ತರ: ನಿಮ್ಮ ‘ಗೊತ್ತಿಲ್ಲ’ ಪ್ರಾಮಾಣಿಕವಾದ ಉತ್ತರ, ಅದರಲ್ಲಿ ಅಸಹಕಾರವೇನೂ ಇಲ್ಲ. ತನ್ನೊಳಗಿನ ಭಾವನೆ ಯಾವುದೆಂದು ಗುರುತಿಸಲು, ಅದನ್ನು ಮಾತಿನಲ್ಲಿ ಹೇಳಲು ಆಗುವ ತೊಡಕಿಗೆ ಅಲೆಕ್ಸಿಥೈಮಿಯಾ ಎನ್ನುತ್ತಾರೆ. ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇದು ಇರುತ್ತದೆಂದು 2019ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ತಿಳಿಸುತ್ತದೆ; ಆಟಿಸಂ ಇಲ್ಲದವರಲ್ಲಿ ಅದರ ಪ್ರಮಾಣ ಶೇ. 5ರ ಆಸುಪಾಸು. ಭಾವನೆ ಇಲ್ಲವೆಂದು ಇದರ ಅರ್ಥವಲ್ಲ. ಎದೆ ಬಿಗಿಯುತ್ತದೆ, ಹೊಟ್ಟೆ ತೊಳಸುತ್ತದೆ, ದವಡೆ ನೋಯುತ್ತದೆ, ಆದರೆ ಅದು ಭಯವೋ ಕೋಪವೋ ಹಸಿವೋ ಎಂದು ತಿಳಿಯಲು ಕೆಲವೊಮ್ಮೆ ಮರುದಿನದವರೆಗೆ ಕಾಯಬೇಕಾಗುತ್ತದೆ.

ನಿಲ್ಲಿಸುವ ಮೊದಲು ಒಂದು ಪ್ರಯತ್ನ ಮಾಡಿ. ಮುಂದಿನ ಭೇಟಿಗೆ ಹೋಗುವಾಗ ಒಂದು ಚೀಟಿಯಲ್ಲಿ ಹೀಗೆ ಬರೆದುಕೊಂಡು ಹೋಗಿ ಅವರ ಕೈಗೇ ಕೊಡಬಹುದು: ‘ಏನನ್ನಿಸುತ್ತಿದೆ ಎಂದು ಕೇಳಿದರೆ ನನಗೆ ಕೂಡಲೇ ಉತ್ತರ ಹೊಳೆಯುವುದಿಲ್ಲ. ಮೈಯಲ್ಲಿ ಎಲ್ಲಿ ಏನಾಗುತ್ತಿದೆ ಎಂದು ಕೇಳಿ. ಇಲ್ಲವೇ ಎರಡು ಮೂರು ಆಯ್ಕೆ ಕೊಡಿ, 0ಯಿಂದ 10ರವರೆಗೆ ಅಂಕ ಹೇಳಲು ಬಿಡಿ. ಪ್ರಶ್ನೆಗಳನ್ನು ಮೊದಲೇ ಕಳಿಸಿದರೆ ಬರೆದು ತರುತ್ತೇನೆ.’ ಕೋಣೆಯ ದೀಪ ಕಣ್ಣಿಗೆ ಹೊಡೆಯುತ್ತಿದ್ದರೆ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು ಕಷ್ಟವಾದರೆ ಅದನ್ನೂ ಸೇರಿಸಿ. ಆಟಿಸಂ ಇರುವವರು ಇತರರನ್ನು ಅರ್ಥಮಾಡಿಕೊಳ್ಳಲಾರರು ಎಂದಷ್ಟೇ ಬಹಳ ಕಾಲ ಹೇಳಲಾಗುತ್ತಿತ್ತು. ತಪ್ಪು ತಿಳಿವಳಿಕೆ ಎರಡೂ ಕಡೆಯಿಂದ ಆಗುತ್ತದೆ ಎಂಬ ವಾದವನ್ನು, ಸ್ವತಃ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಮುಂದಿಟ್ಟರು. ನಿಮ್ಮ ಸಮಾಲೋಚಕರೂ ಅರ್ಧ ದಾರಿ ನಡೆದು ಬರಬೇಕು. ಚೀಟಿ ಓದಿದ ಮೇಲೂ ಅವರು ಅದೇ ಪ್ರಶ್ನೆಯನ್ನು ಅದೇ ರೀತಿ ಕೇಳುತ್ತಿದ್ದರೆ ಬೇರೆಯವರನ್ನು ಹುಡುಕಿಕೊಳ್ಳಿ, ಚಿಕಿತ್ಸೆಯನ್ನೇ ಬಿಡಬೇಡಿ.

ಪ್ರಶ್ನೆ: ಹದಿನಾರರ ಮಗ ರಾತ್ರಿ ಒಂದು ಗಂಟೆಯವರೆಗೆ ಫೋನ್ ನೋಡುತ್ತಾನೆ, ಬೆಳಿಗ್ಗೆ ಎಬ್ಬಿಸಲಾಗುವುದಿಲ್ಲ. ಫೋನ್ ಕಸಿದುಕೊಂಡರೆ ಸರಿಹೋದೀತೇ?

ಉತ್ತರ: ಪೂರ್ತಿ ಸರಿಹೋಗದು. ಹದಿಹರೆಯದಲ್ಲಿ ದೇಹದ ಗಡಿಯಾರವೇ ಹಿಂದೆ ಸರಿದು ನಿದ್ದೆ ತಡವಾಗಿ ಬರುತ್ತದೆ. ಎಡಿಎಚ್‌ಡಿ ಇರುವವರಲ್ಲಿ ಈ ತಡ ಇನ್ನೂ ಹೆಚ್ಚಾಗಿರುವುದುಂಟು. ಆದರೆ 13ರಿಂದ 18ರ ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಫೋನ್‌ಗಳು ರಾತ್ರಿ ಮಲಗುವ ಕೋಣೆಯ ಹೊರಗಿರಲಿ, ನಿಮ್ಮದೂ ಸೇರಿದಂತೆ. ಏಳುವ ಸಮಯ ರಜೆಯಲ್ಲೂ ಹೆಚ್ಚು ಬದಲಾಗದಿರಲಿ. ಅವನ ಗೆಳೆತನವೆಲ್ಲ ಆ ಫೋನಿನಲ್ಲೇ ಇದ್ದರೆ ಅದಕ್ಕೆ ಸಂಜೆಯ ಹೊತ್ತನ್ನು ಬಿಟ್ಟುಕೊಡಿ. ಇರುವ ಒಂದಿಬ್ಬರು ಸ್ನೇಹಿತರನ್ನೂ ಕಸಿದುಕೊಂಡಂತಾಗಬಾರದು.

ಪ್ರಶ್ನೆ: ಎಡಿಎಚ್‌ಡಿ ಇರುವ ನನ್ನ ಮಗ ಮನೆಯಲ್ಲಿದ್ದಾಗ ಚೆನ್ನಾಗಿಯೇ ಓದುತ್ತಿದ್ದ. ಈಗ 20 ವರ್ಷ, ಹಾಸ್ಟೆಲಿನಲ್ಲಿದ್ದಾನೆ. ತರಗತಿಗೆ ಹೋಗುತ್ತಿಲ್ಲ, ಒಂದು ಅಸೈನ್‌ಮೆಂಟೂ ಕೊಟ್ಟಿಲ್ಲ, ‘ನಾನು ಸೋಮಾರಿ, ಬಿಡಮ್ಮ’ ಎನ್ನುತ್ತಾನೆ. ನಾನು ದಿನಾ ಬೆಳಿಗ್ಗೆ ಫೋನ್ ಮಾಡಿ ಎಬ್ಬಿಸಬಹುದೇ? ಈ ವಯಸ್ಸಿಗೆ ಜವಾಬ್ದಾರಿ ತಾನಾಗಿ ಬರಬೇಕು ಎಂದು ನೆಂಟರು ನಗುತ್ತಾರೆ.

ಉತ್ತರ: ಎಬ್ಬಿಸಿ, ಅವನು ಒಪ್ಪುವುದಾದರೆ. ನೆಂಟರ ನಗುವಿಗೆ ಇಲ್ಲಿ ಬೆಲೆ ಕೊಡಬೇಕಾಗಿಲ್ಲ. ಯೋಜನೆ ಹಾಕುವುದು, ಕೆಲಸ ಶುರು ಮಾಡುವುದು, ಸಮಯದ ಅಂದಾಜು ಇಟ್ಟುಕೊಳ್ಳುವುದು, ಇವನ್ನೆಲ್ಲ ನಡೆಸುವ ಮಿದುಳಿನ ಮುಂಭಾಗ ಯಾರಿಗೇ ಆದರೂ ಇಪ್ಪತ್ತರ ನಡುಪ್ರಾಯದವರೆಗೆ ಬಲಿಯುತ್ತಲೇ ಇರುತ್ತದೆ. ಎಡಿಎಚ್‌ಡಿಯ ತೊಡಕು ಇರುವುದೂ ಇದೇ ಸಾಮರ್ಥ್ಯಗಳಲ್ಲಿ. ಮನೆಯಲ್ಲಿ ಏಳುವ ಹೊತ್ತು, ಊಟದ ಹೊತ್ತು, ಪುಸ್ತಕ ತೆರೆಯುವ ಹೊತ್ತುಗಳನ್ನು ನೀವು ನಿಭಾಯಿಸುತ್ತಿದ್ದಿರಿ. ಕಟ್ಟಡ ಇನ್ನೂ ಹಸಿಯಿರುವಾಗ ಸಾರುವೆಯನ್ನು ಒಂದೇ ದಿನ ಬಿಚ್ಚಿದ ಹಾಗೆ ಆ ಆಸರೆಯೆಲ್ಲ ಒಮ್ಮೆಗೇ ಹೋಗಿದೆ.

ಬೆಳಗಿನ ಕರೆ ಮೊದಲ ತಿಂಗಳು ದಿನಾ ಇರಲಿ, ಆಮೇಲೆ ವಾರದ ಕೆಲವು ದಿನ, ಆಮೇಲೆ ಅವನ ರೂಂಮೇಟ್ ಅಥವಾ ಗಡಿಯಾರ ಆ ಕೆಲಸ ವಹಿಸಿಕೊಳ್ಳಲಿ; ಯಾವಾಗ ಹೇಗೆ ಕಡಿಮೆ ಮಾಡುವುದೆಂದು ಅವನೇ ನಿರ್ಧರಿಸುವಂತಾದರೆ ಒಳ್ಳೆಯದು. ‘ಅಸೈನ್‌ಮೆಂಟ್ ಮುಗಿಸು’ ಎಂಬುದು ಅವನ ಪಾಲಿಗೆ ಕೆಲಸವೇ ಅಲ್ಲ, ಎಲ್ಲಿಂದ ಹಿಡಿಯಬೇಕೆಂದು ತಿಳಿಯದ ಗುಡ್ಡ. ‘ಫೈಲ್ ತೆರೆದು ತಲೆಬರಹ ಬರೆ, ನಾನು ಫೋನಿನಲ್ಲೇ ಇರುತ್ತೇನೆ’ ಎಂಬುದು ಕೆಲಸ. ಪಕ್ಕದಲ್ಲಿ ಇನ್ನೊಬ್ಬರು ಸುಮ್ಮನೆ ತಮ್ಮ ಕೆಲಸ ಮಾಡುತ್ತಿದ್ದರೂ ಅನೇಕರಿಗೆ ಶುರು ಮಾಡುವುದು ಸುಲಭವಾಗುತ್ತದೆ. ಕಾಲೇಜಿನಲ್ಲಿ ಪರೀಕ್ಷೆಗೆ ಹೆಚ್ಚುವರಿ ಸಮಯ, ಗಡುವಿನ ವಿನಾಯಿತಿಯಂಥ ಸೌಲಭ್ಯಗಳಿದ್ದರೆ ರೋಗನಿರ್ಣಯದ ಪತ್ರದೊಂದಿಗೆ ಈಗಲೇ ಅರ್ಜಿ ಕೊಡಿಸಿ. ಔಷಧಿ ಬೇಕೇ ಎಂಬುದನ್ನು ಮನೋವೈದ್ಯರು ನಿರ್ಧರಿಸುತ್ತಾರೆ. ಮೀಥೈಲ್‌ಫೆನಿಡೇಟ್‌ನಂಥ ಔಷಧಿಗಳು ಗಮನ ನಿಲ್ಲಿಸಲು ಹಲವರಿಗೆ ನೆರವಾಗುತ್ತವೆ, ಆದರೆ ದಿನಚರಿ ಹಾಕಿಕೊಳ್ಳುವುದನ್ನು ಕಲಿಸುವುದಿಲ್ಲ. ನನಗೆ ಹೆಚ್ಚು ಕಳವಳವಾದದ್ದು ‘ನಾನು ಸೋಮಾರಿ’ ಎಂಬ ಮಾತಿನಿಂದ. ಬಾಲ್ಯದಿಂದ ಕೇಳಿದ ಬೈಗುಳವನ್ನು ಅವನೇ ತನಗೆ ಹೇಳಿಕೊಳ್ಳುತ್ತಿದ್ದಾನೆ. ತರಗತಿ ತಪ್ಪಿಸುವುದರ ಹಿಂದೆ ಖಿನ್ನತೆಯೂ ಇರಬಹುದಾದ್ದರಿಂದ ಅದನ್ನೂ ಪರೀಕ್ಷಿಸಲು ವೈದ್ಯರಿಗೆ ಹೇಳಿ.

ಪ್ರಶ್ನೆ: ಆಟಿಸಂ ಇರುವ ನನ್ನ 17ರ ಮಗ ಟಿವಿ ನೋಡುತ್ತಾ, ಮುಖದಲ್ಲಿ ಏನೂ ತೋರಿಸದೆ, ‘ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ’ ಎಂದ. ಆತ್ಮಹತ್ಯೆಯ ಬಗ್ಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾನೇ ತಲೆಗೆ ತುಂಬಿದಂತಾಗುವುದಿಲ್ಲವೇ?

ಉತ್ತರ: ಇಲ್ಲ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೆಚ್ಚುವುದೂ ಇಲ್ಲ ಎಂಬುದನ್ನು ಅನೇಕ ಅಧ್ಯಯನಗಳು ತೋರಿಸಿವೆ. ಕೇಳಿದ್ದರಿಂದ ಹಗುರವಾಯಿತು ಎನ್ನುವವರೂ ಇದ್ದಾರೆ. ಈ ಪುಟ ಓದಿದ ದಿನವೇ ಕೇಳಿ. ಸುತ್ತಿಬಳಸಿದ ಮಾತು ಬೇಡ. ‘ತಪ್ಪು ಯೋಚನೆ ಏನೂ ಇಲ್ಲ ತಾನೇ?’ ಎಂದರೆ ‘ಇಲ್ಲ’ ಎಂಬ ಉತ್ತರವನ್ನು ನೀವೇ ಹೇಳಿಕೊಟ್ಟಂತೆ. ಅಲ್ಲದೆ ಮಾತನ್ನು ಅದರ ನೇರ ಅರ್ಥದಲ್ಲೇ ತೆಗೆದುಕೊಳ್ಳುವ ಹುಡುಗನಿಗೆ ಯಾವ ತಪ್ಪು ಎಂದು ತಿಳಿಯದೆಯೂ ಹೋಗಬಹುದು. ‘ಸಾಯಬೇಕು ಎಂದು ಅನ್ನಿಸುತ್ತಿದೆಯೇ? ಹೇಗೆ ಎಂದು ಯೋಚಿಸಿದ್ದೀಯಾ?’ ಎಂದು ಸರಳವಾಗಿ ಕೇಳಿ, ಉತ್ತರಕ್ಕೆ ಸಮಯ ಕೊಡಿ, ಬೇಕಿದ್ದರೆ ಬರೆದು ತಿಳಿಸಲಿ. ಅವನ ಮುಖದಲ್ಲಿ ದುಃಖ ಕಾಣಲಿಲ್ಲವೆಂದು ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ; ಆಟಿಸಂ ಇರುವವರ ಮುಖಭಾವ, ದನಿ ಒಳಗಿನ ಸಂಕಟಕ್ಕೆ ಹೊಂದಿಕೊಂಡೇ ಇರಬೇಕೆಂದಿಲ್ಲ.

ಹೌದು ಎಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ, ಹೇಳಿದ್ದು ಒಳ್ಳೆಯದಾಯಿತು ಎನ್ನಿ. ಒಂಟಿಯಾಗಿ ಬಿಡಬೇಡಿ. ಮನೆಯ ಮಾತ್ರೆಗಳನ್ನೂ ಅಪಾಯ ತರಬಲ್ಲ ಇತರ ವಸ್ತುಗಳನ್ನೂ ಬೀಗದೊಳಗೆ ಇಡಿ ಅಥವಾ ಮನೆಯಿಂದಾಚೆ ಸಾಗಿಸಿ. ದಾರಿ, ದಿನ ನಿರ್ಧರಿಸಿದ್ದಾನೆಂದು ತಿಳಿದರೆ ಅಪಾಯಿಂಟ್‌ಮೆಂಟಿಗಾಗಿ ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ; ಯೋಚನೆ ಮಾತ್ರ ಇದೆ ಎಂದರೂ ಅಂದೇ ವೈದ್ಯರಿಗೆ ತಿಳಿಸಿ. ಮುಂದಿನ ಹಂತದಲ್ಲಿ ಸುರಕ್ಷತಾ ಯೋಜನೆಯೊಂದನ್ನು ತಜ್ಞರೊಡನೆ ಕುಳಿತು ಬರೆಯಬೇಕು: ಕಷ್ಟ ಶುರುವಾಗುವ ಲಕ್ಷಣಗಳೇನು, ಆಗ ಅವನಿಗೆ ನಿಜಕ್ಕೂ ಸಮಾಧಾನ ಕೊಡುವುದೇನು, ಯಾರಿಗೆ ಯಾವ ನಂಬರಿಗೆ ತಿಳಿಸುವುದು. ಫೋನಿನಲ್ಲಿ ಮಾತಾಡುವುದೇ ಕಷ್ಟವಾದರೆ ಮೆಸೇಜ್ ಮಾಡಲು ಒಂದು ಒಪ್ಪಂದದ ಪದ ಇರಲಿ. ಖಿನ್ನತೆಗೆ ಔಷಧಿ ಆರಂಭಿಸಿದರೆ ಮೊದಲ ಕೆಲವು ವಾರ ಹತ್ತಿರದಿಂದ ಗಮನಿಸಿ. ಈ ಔಷಧಿಗಳಿಂದ ಕೆಲವು ಮಕ್ಕಳಲ್ಲಿ, ಹದಿಹರೆಯದವರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಎಚ್ಚರಿಸಿ, 2007ರಲ್ಲಿ ಆ ಎಚ್ಚರಿಕೆಯನ್ನು 24 ವರ್ಷದವರೆಗೆ ವಿಸ್ತರಿಸಿತು. ಹಾಗೆಂದು ಹೆದರಿ ಔಷಧಿಯನ್ನು ನೀವಾಗಿಯೇ ನಿಲ್ಲಿಸುವುದೂ ಅಪಾಯ; ಚಡಪಡಿಕೆ, ನಿದ್ದೆಗೇಡು, ದಿಢೀರ್ ಬದಲಾವಣೆ ಏನು ಕಂಡರೂ ಅದೇ ದಿನ ವೈದ್ಯರಿಗೆ ಕರೆ ಮಾಡಿ.