ಗಲಾಟೆ ತಣ್ಣಗಾಗುವವರೆಗೆ ತಮಿಳು ನೆರೆಯವರಿಂದ ದೂರವಿರುವುದು ದೂರದೃಷ್ಟಿಯೇ?

ಕಾವೇರಿ ಹೋರಾಟಕ್ಕೆ ನೀವೂ ಹೋಗುತ್ತೀರಿ, ಕೆಳಮನೆಯಲ್ಲಿ ತಮಿಳು ಕುಟುಂಬವಿದೆ, ಈಗ ಅವರೊಂದಿಗೆ ಕಾಣಿಸಿಕೊಳ್ಳುವ ಬದಲು ಎಲ್ಲವೂ ತಣ್ಣಗಾದ ಮೇಲೆ ಸಂಬಂಧ ಸರಿಪಡಿಸಿಕೊಂಡರೆ ಅದೇ ದೂರದೃಷ್ಟಿಯಲ್ಲವೇ ಎಂದು ಕೇಳಿದ್ದೀರಿ. 1991ರ ಡಿಸೆಂಬರ್‌ನಲ್ಲಿ ನಾನು ಹಾಕಿದ್ದೂ ಇದೇ ಲೆಕ್ಕ.

ಆಗ ನನಗೆ ಇಪ್ಪತ್ನಾಲ್ಕು ವರ್ಷ. ಮದ್ದೂರು ಕಡೆಯ ರೈತನ ಮಗ. ಬೆಂಗಳೂರಿನ ಮೈಸೂರು ರಸ್ತೆಯ ಬದಿಯ ಒಂದು ವಠಾರದಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆ. ಎದುರು ಮನೆಯಲ್ಲಿ ಒಬ್ಬ ಟೈಲರ್, ಅವರ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ವಠಾರದ ಬಾಗಿಲಿಗೆ ಹೊಂದಿಕೊಂಡಂತೆ ಅವರ ಅಂಗಡಿ: ಒಂದು ಕಾಲುಮಿಷನ್, ಒಂದು ಕತ್ತರಿ ಮೇಜು, ಗೋಡೆಗೆ ಹೊಡೆದ ಹಲಗೆಯ ಮೇಲೆ ಹೆಸರು ಚೀಟಿ ಸಿಕ್ಕಿಸಿದ ಬಟ್ಟೆ ಗಂಟುಗಳು. ಹೊರಗಿನ ತಗಡಿನ ಬೋರ್ಡಿನಲ್ಲಿ ಮೇಲೆ ಕನ್ನಡ, ಕೆಳಗೆ ತಮಿಳು. ಆ ನಾಲ್ಕು ವರ್ಷಗಳಲ್ಲಿ ನನಗೆ ಜ್ವರ ಬಂದಾಗಲೆಲ್ಲ ಗಂಜಿ ಬಂದದ್ದು ಆ ಮನೆಯಿಂದ.

ಆ ವರ್ಷ ಮಂಡ್ಯದವರ ಮನಸ್ಸು ಹೇಗಿತ್ತೆಂಬುದನ್ನು ಹೇಳದಿದ್ದರೆ ನನ್ನ ತಪ್ಪು ನಿಮಗೆ ಅರ್ಥವಾಗದು. ಜೂನ್ 25ರಂದು ಕಾವೇರಿ ಜಲವಿವಾದ ನ್ಯಾಯಮಂಡಳಿ ಮಧ್ಯಂತರ ಆದೇಶ ಕೊಟ್ಟಿತು: ಕರ್ನಾಟಕವು ವರ್ಷಕ್ಕೆ 205 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ತಮಿಳುನಾಡಿನ ಮೆಟ್ಟೂರು ಜಲಾಶಯಕ್ಕೆ ತಲುಪುವಂತೆ ಬಿಡಬೇಕು, ತನ್ನ ನೀರಾವರಿ ಪ್ರದೇಶವನ್ನು 11.2 ಲಕ್ಷ ಎಕರೆಗಿಂತ ಹೆಚ್ಚಿಸಬಾರದು. ಮದ್ರಾಸಿನೊಂದಿಗೆ ಆದ 1892 ಮತ್ತು 1924ರ ಒಪ್ಪಂದಗಳಿಂದ ಹಳೆಯ ಮೈಸೂರು ಸಂಸ್ಥಾನಕ್ಕೆ ಅನ್ಯಾಯವಾಗಿದೆ ಎಂಬ ಮಾತನ್ನು ಕೇಳುತ್ತಲೇ ಬೆಳೆದ ನಮಗೆ ಈ ಎರಡನೆಯ ಷರತ್ತು ಮೊದಲನೆಯದಕ್ಕಿಂತ ಹೆಚ್ಚು ಉರಿ ಹತ್ತಿಸಿತು. ಬಂಗಾರಪ್ಪನವರ ಸರ್ಕಾರ ಆದೇಶಕ್ಕೆ ಎದುರಾಗಿ ಸುಗ್ರೀವಾಜ್ಞೆ ಹೊರಡಿಸಿತು. ಅದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ ನವೆಂಬರ್‌ನಲ್ಲಿ ಹೇಳಿತು. ಡಿಸೆಂಬರ್ 11ರಂದು ಕೇಂದ್ರ ಸರ್ಕಾರ ಆದೇಶವನ್ನು ಗೆಜೆಟ್‌ನಲ್ಲಿ ಪ್ರಕಟಿಸಿತು. ಮರುದಿನದಿಂದ ಬೆಂಗಳೂರು ಹೊತ್ತಿಕೊಂಡಿತು. ನೀರಾವರಿ ಪ್ರದೇಶದ ಆ ಷರತ್ತು ಅನ್ಯಾಯದ್ದಾಗಿತ್ತೆಂದು ಇಂದಿಗೂ ನಂಬಿದ್ದೇನೆ. ಇದನ್ನು ಮುಂದಿನ ಮಾತಿಗಾಗಿ ನೆನಪಿಟ್ಟುಕೊಳ್ಳಿ.

ಗೆಜೆಟ್ ಸುದ್ದಿ ಬಂದ ರಾತ್ರಿಯೇ ಟೈಲರ್ ಅಣ್ಣ ಮತ್ತು ಅಕ್ಕ ನಮ್ಮ ಬಾಗಿಲಿಗೆ ಬಂದರು. ಮಕ್ಕಳು ಹಿಂದೆ ನಿಂತಿದ್ದರು. ಮಾತಾಡಿದ್ದು ಅಕ್ಕ. "ತಮ್ಮಾ, ಮಿಷನ್ನೂ ಬಟ್ಟೆ ಗಂಟೂ ಎರಡು ದಿನ ನಿಮ್ಮನೇಲಿ ಇಟ್ಕೋತೀರಾ? ಅಂಗಡಿ ಬಾಗಿಲು ಬರೀ ತಗಡು." ಅವರು ಕೇಳಿದ್ದು ಇಷ್ಟೇ. ಮಕ್ಕಳನ್ನು ಇಟ್ಟುಕೊಳ್ಳಿ ಎನ್ನಲಿಲ್ಲ, ಬೀದಿಯಲ್ಲಿ ನಿಂತು ಕಾಪಾಡಿ ಎನ್ನಲಿಲ್ಲ. ಅಂಗಡಿಯಿಂದ ನನ್ನ ಬಾಗಿಲಿಗೆ ಹತ್ತು ಹೆಜ್ಜೆ. ಮಿಷನ್ನನ್ನು ಇಬ್ಬರು ಎತ್ತಿದರೆ ಐದು ನಿಮಿಷದ ಕೆಲಸ.

ನಾನು ಹೇಳಿದೆ: "ಏನೂ ಆಗಲ್ಲ ಅಕ್ಕ, ಸುಮ್ನೆ ಗಾಬರಿ ಪಡಬೇಡಿ. ಬೇಕಾದ್ರೆ ಎರಡು ದಿನ ಊರಿಗೆ ಹೋಗಿ ಬನ್ನಿ. ಎಲ್ಲ ತಣ್ಣಗಾದ ಮೇಲೆ ನಾನೇ ಮಾತಾಡಿ ಸರಿ ಮಾಡ್ತೀನಿ."

ಹಾಗೇಕೆ ಹೇಳಿದೆ ಎಂಬುದನ್ನು ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಬಿಡಿಸಿ ನೋಡುತ್ತಿದ್ದೇನೆ. ದ್ವೇಷದಿಂದ ಹೇಳಲಿಲ್ಲ. ಬೀದಿಯ ಹುಡುಗರೊಂದಿಗೆ ಮರುದಿನ ಮೆರವಣಿಗೆಗೆ ಹೋಗುವವನಿದ್ದೆ. ಮಿಷನ್ ನನ್ನ ಮನೆಯಲ್ಲಿದೆ ಎಂದು ಅವರಿಗೆ ಗೊತ್ತಾದರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ ಎಂದುಕೊಂಡೆ. ನನ್ನ ಮಾತಿಗೆ ಬೆಲೆ ಉಳಿದರೆ ತಾನೇ ಮುಂದೆ ಈ ಕುಟುಂಬದ ಪರವಾಗಿ ಮಾತಾಡಲು ಸಾಧ್ಯ? ಇಂದು ಐದು ನಿಮಿಷದ ಸಹಾಯ ಮಾಡಿ ಹೆಸರು ಕೆಡಿಸಿಕೊಳ್ಳುವುದಕ್ಕಿಂತ ಹೆಸರು ಉಳಿಸಿಕೊಂಡು ನಾಳೆ ದೊಡ್ಡ ಸಹಾಯ ಮಾಡುವುದು ಜಾಣತನ ಎಂದು ಆ ಬಾಗಿಲಲ್ಲಿ ನಿಂತೇ ಲೆಕ್ಕ ಹಾಕಿದೆ. ಮನೆಯ ಮಾಲೀಕರು ಏನೆನ್ನುತ್ತಾರೋ ಎಂಬ ಅಳುಕೂ ಇತ್ತು. ಆದರೆ ಅವರನ್ನು ನಾನು ಕೇಳಲೇ ಇಲ್ಲ. ಕೇಳಿದ್ದರೆ ಅವರು ಒಪ್ಪುತ್ತಿದ್ದರೇನೋ, ಆಗ ನನಗೆ ನೆಪ ಉಳಿಯುತ್ತಿರಲಿಲ್ಲ. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. "ಏನೂ ಆಗಲ್ಲ" ಎಂದಾಗ ಏನೂ ಆಗುವುದಿಲ್ಲವೆಂಬ ನಂಬಿಕೆ ನನಗಿರಲಿಲ್ಲ. ಸಂಜೆ ಹುಡುಗರು ಆಡುತ್ತಿದ್ದ ಮಾತುಗಳನ್ನು ಕೇಳಿಸಿಕೊಂಡೇ ಮನೆಗೆ ಬಂದಿದ್ದೆ. ಹೊರಗೆ ಏನು ನಡೆಯಬಹುದೆಂಬುದು ವಠಾರದಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿದ್ದವನು ನಾನು. ಅದನ್ನು ಅವರಿಗೆ ಹೇಳದೆ ಧೈರ್ಯದ ಮಾತು ಹೇಳಿ ಕಳಿಸಿದೆ. ಇಟ್ಟುಕೊಳ್ಳಲು ಆಗುವುದಿಲ್ಲ ಎಂದು ನೇರವಾಗಿ ಹೇಳಿದ್ದರೂ ಅವರು ಆ ರಾತ್ರಿ ಬೇರೆ ಯಾರದಾದರೂ ಬಾಗಿಲು ತಟ್ಟುತ್ತಿದ್ದರು. ನನ್ನ ಭರವಸೆಯನ್ನು ನಂಬಿ ತಟ್ಟಲಿಲ್ಲ.

ಬೆಳಗಿನ ಜಾವ ಅವರು ಎರಡು ಚೀಲ ಹಿಡಿದು ಹೊರಟರು. ಅದೇ ದಿನ ಮಧ್ಯಾಹ್ನ ಅಂಗಡಿ ಸುಟ್ಟಿತು. ಬೆಂಕಿ ಇಟ್ಟವರಲ್ಲಿ ನಾನಿರಲಿಲ್ಲ. ಆದರೆ ಅವರಲ್ಲಿ ಇಬ್ಬರ ಹೆಸರು ನನಗೆ ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಕರ್ಫ್ಯೂ ಸಡಿಲಿಸಿದಾಗ ನೋಡಿದರೆ ಮಿಷನ್ನಿನ ಬೀಡುಕಬ್ಬಿಣದ ಕಾಲುಗಳು ಮತ್ತು ಗಾಲಿ ಮಾತ್ರ ಉಳಿದಿದ್ದವು. ಮೇಲಿನ ಮರದ ಹಲಗೆ ಬೂದಿಯಾಗಿ, ಹೊಲಿಗೆಯ ತಲೆ ಕೆಳಗೆ ಬಿದ್ದಿತ್ತು. ಆ ದಿನಗಳಲ್ಲಿ ಸಾವಿರಾರು ತಮಿಳರು ಬೆಂಗಳೂರು ಬಿಟ್ಟು ಹೋದರು. ಗಡಿಯಾಚೆ ಕನ್ನಡಿಗರ ಮೇಲೂ ಹಲ್ಲೆಗಳಾದವು.

ಜನವರಿಯಲ್ಲಿ ಟೈಲರ್ ಅಣ್ಣ ಒಬ್ಬರೇ ಬಂದರು, ಪಾತ್ರೆ ಪಡಗ ಒಯ್ಯಲು. ಅವರ ಕೈಯಲ್ಲಿ ಅಳತೆ ಬರೆದುಕೊಳ್ಳುವ ಉದ್ದನೆಯ ಪುಸ್ತಕವಿತ್ತು. ಹೊರಡುವ ರಾತ್ರಿ ಅದೊಂದನ್ನು ಚೀಲಕ್ಕೆ ಹಾಕಿಕೊಂಡಿದ್ದರಂತೆ. ಯಾರ ಬಟ್ಟೆ ಎಷ್ಟು ಮೀಟರ್ ಇತ್ತೆಂದು ಅದರಲ್ಲಿ ನೋಡಿ, ಮನೆಮನೆಗೆ ಹೋಗಿ, ಸುಟ್ಟುಹೋದ ಬಟ್ಟೆಯ ಹಣ ಕೊಡುತ್ತಿದ್ದರು. ನನ್ನ ಬಾಗಿಲಿಗೂ ಬಂದರು. "ನಿಮ್ದು ಒಂದು ಪ್ಯಾಂಟ್ ಪೀಸ್ ಇತ್ತು ಸಾರ್" ಎಂದು ಹೇಳಿ ನೂರೈವತ್ತು ರೂಪಾಯಿ ಎಣಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟರು. ನಾಲ್ಕು ವರ್ಷ ತಮ್ಮಾ ಎಂದು ಕರೆದವರ ಬಾಯಲ್ಲಿ ಸಾರ್ ಎಂಬುದನ್ನು ಅಂದೇ ಮೊದಲು ಕೇಳಿದ್ದು. ಹಣ ಬೇಡವೆಂದೆ. ಅವರು ಪುಸ್ತಕದಲ್ಲಿ ನನ್ನ ಹೆಸರಿನ ಮೇಲೆ ಗೀಟು ಎಳೆದು ಪಕ್ಕದ ಮನೆಗೆ ನಡೆದರು.

ತಣ್ಣಗಾದ ಮೇಲೆ ಸರಿಪಡಿಸುತ್ತೇನೆ ಎಂದಿದ್ದೆನಲ್ಲ, ತಣ್ಣಗಾಯಿತು. ಸರಿಪಡಿಸಲು ಅವರು ಅಲ್ಲಿರಲಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅಪ್ಪನ ಜಮೀನು ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿತ್ತು; ಮೇಲಿನವರ ಗದ್ದೆಗಳು ತಣಿದ ಮೇಲೆ ಉಳಿದದ್ದು ನಮಗೆ, ಕೆಲವು ವರ್ಷ ಅದೂ ಇಲ್ಲ. ಮಧ್ಯಂತರ ಆದೇಶದ ವಿರುದ್ಧ ಅಪ್ಪ ನನಗಿಂತ ಹೆಚ್ಚು ಬಾರಿ ರಸ್ತೆಗಿಳಿದಿದ್ದರು. ಕತೆ ಕೇಳಿ ಅವರು ಕೇಳಿದ ಮೊದಲ ಮಾತು: "ಮಿಷನ್ನ ಯಾಕ್ಲಾ ಒಳಕ್ಕೆ ಇಡ್ಸ್‌ಕೊಳ್ನಿಲ್ಲ?" ನಾನು ನೀರಿನ ವಿಷಯ ಎತ್ತಿದೆ. "ಮೇಲ್ಗಡೆಯೋರು ತೂಬು ತಿರುಗಿಸ್ಕೊಂಡಾಗ ನಾನು ಹೋಗಿ ಜಗಳ ಆಡಿವ್ನಿ. ಅವರ ಮನೆ ಹೆಣ್ಮಕ್ಳು ಹೆರಿಗೆಗೆ ಗಾಡಿ ಕೇಳ್ದಾಗ ಕಟ್ಕೊಟ್ಟಿವ್ನಿ. ಎರಡೂ ಒಂದೇ ವಾರ್‍ದಲ್ಲಿ" ಎಂದರು.

ಹೋರಾಟವೋ ಕರುಣೆಯೋ ಎಂದು ಆಯ್ಕೆ ಮಾಡಬೇಕಾಗಿದೆ ಎಂಬಂತೆ ಪ್ರಶ್ನೆಯನ್ನು ಇಟ್ಟಿದ್ದೀರಲ್ಲ, ಅದನ್ನು ನಾನು ಒಪ್ಪದಿರುವುದು ಇದಕ್ಕೇ. ನಿಮ್ಮ ಬೇಡಿಕೆ ಇರುವುದು ನ್ಯಾಯಾಲಯದ ಮುಂದೆ, ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಮುಂದೆ, ಎರಡು ಸರ್ಕಾರಗಳ ಮುಂದೆ. ಕೆಳಮನೆಯವರ ಬಳಿ ಬಿಡಲು ನೀರಿಲ್ಲ, ಹಿಡಿಯಲು ಅಣೆಕಟ್ಟಿಲ್ಲ. ನಮ್ಮ ಟೈಲರ್ ಅಣ್ಣನ ಊರು ತಿರುವಣ್ಣಾಮಲೈ ಕಡೆಯದು. ಬಹಳ ವರ್ಷಗಳ ನಂತರ ನಕ್ಷೆ ಹರಡಿಕೊಂಡು ನೋಡಿದೆ. ಆ ಸೀಮೆ ಕಾವೇರಿ ಕಣಿವೆಯಲ್ಲೇ ಇಲ್ಲ. ಅವರು ಕಾವೇರಿ ನೀರು ಕುಡಿದದ್ದಿದ್ದರೆ ಅದು ನನ್ನ ಜೊತೆಗೆ, ಬೆಂಗಳೂರಿನ ಅದೇ ಬೀದಿ ನಲ್ಲಿಯಲ್ಲಿ, 1974ರಿಂದ ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ನಮ್ಮ ಸರ್ಕಾರವೇ ಪಂಪ್ ಮಾಡಿ ತರುತ್ತಿರುವ ನೀರನ್ನು.

ದೂರದೃಷ್ಟಿಯ ಮಾತಿಗೆ ಬರುತ್ತೇನೆ. ಈ ವಿವಾದದಲ್ಲಿ ದೂರ ನೋಡಿದವರು ಯಾರೆಂದು ನನ್ನನ್ನು ಕೇಳಿದರೆ 2002ರ ಬರಗಾಲದ ನಂತರ ಎದುರುಬದುರು ಕುಳಿತ ರೈತರು ಎನ್ನುತ್ತೇನೆ. 2003ರಲ್ಲಿ ಚೆನ್ನೈನ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಪ್ರಾಧ್ಯಾಪಕ ಜನಕರಾಜನ್ ಅವರ ಪ್ರಯತ್ನದಿಂದ ಎರಡೂ ರಾಜ್ಯಗಳ ರೈತರು ಸೇರಿ 'ಕಾವೇರಿ ಕುಟುಂಬ' ಎಂಬ ಬಳಗ ಕಟ್ಟಿಕೊಂಡರು. ನಮ್ಮ ಕಡೆಯಿಂದ ರೈತ ಸಂಘದ ಕೆ. ಎಸ್. ಪುಟ್ಟಣ್ಣಯ್ಯ, ತಮಿಳುನಾಡಿನ ಕಡೆಯಿಂದ ರೈತ ಮುಖಂಡ ಮನ್ನಾರ್‌ಗುಡಿ ರಂಗನಾಥನ್ ಇದ್ದರು. ಇಲ್ಲಿಯವರು ಅಲ್ಲಿಯ ಗದ್ದೆಗಳನ್ನು, ಅಲ್ಲಿಯವರು ಇಲ್ಲಿಯ ಕಬ್ಬು ಭತ್ತದ ಜಮೀನುಗಳನ್ನು ನೋಡಿ ಬಂದರು. ಜೂನ್‌ನಲ್ಲಿ ಮೆಟ್ಟೂರು ತೆರೆಯದಿದ್ದರೆ ಕುರುವೈ ಎಂಬ ಅಲ್ಪಾವಧಿ ಭತ್ತದ ಬೆಳೆ ಹೋಗುತ್ತದೆ ಎಂಬುದು ನಮ್ಮವರಿಗೆ, ಕೊಡಗಿನಲ್ಲಿ ಮುಂಗಾರು ಕೈಕೊಟ್ಟರೆ ಕನ್ನಂಬಾಡಿಯಲ್ಲಿ ನೀರೇ ಇರುವುದಿಲ್ಲ ಎಂಬುದು ಅವರಿಗೆ ಕಣ್ಣಾರೆ ಕಂಡಿತು. ಅವರು ಸೂತ್ರವೊಂದನ್ನು ಕೊಟ್ಟು ವಿವಾದ ಮುಗಿಸಲಿಲ್ಲ, ನಿಜ. ಪುಟ್ಟಣ್ಣಯ್ಯನವರು ನೀರಿನ ಹೋರಾಟ ಬಿಡಲೂ ಇಲ್ಲ. ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರಂದು ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಹೆಚ್ಚಿಸಿತು. ಎರಡೇ ದಿನಗಳ ನಂತರ, 18ರ ರಾತ್ರಿ, ಪುಟ್ಟಣ್ಣಯ್ಯನವರು ತೀರಿಕೊಂಡರು. ಹಕ್ಕಿಗಾಗಿ ಬೀದಿಯಲ್ಲಿ ನಿಂತವರೇ ತಂಜಾವೂರಿನ ರೈತನೊಂದಿಗೆ ಊಟಕ್ಕೆ ಕುಳಿತಿದ್ದರು. ಅದರಿಂದ ಅವರ ಮಾತಿನ ಬೆಲೆ ಮಂಡ್ಯದಲ್ಲಿ ತಗ್ಗಲಿಲ್ಲ.

ಮಳೆ ಕೈಕೊಟ್ಟ ವರ್ಷಗಳನ್ನು ನೋಡಿ: 1995, 2002, 2012, 2016, 2023. ಈ ಜಗಳ ಮತ್ತೆ ಬರುತ್ತದೆ. ಕೊರತೆಯ ವರ್ಷದಲ್ಲಿ ಸಂಕಷ್ಟವನ್ನು ಹೇಗೆ ಹಂಚಿಕೊಳ್ಳಬೇಕೆಂಬುದು ಇಬ್ಬರೂ ಒಪ್ಪುವಂತೆ ತೀರ್ಮಾನವಾಗಿಲ್ಲ, ಮತ್ತು ಜಲಾಶಯ ತುಂಬಿದ ವರ್ಷ ಆ ಮಾತನ್ನು ಯಾರೂ ಎತ್ತುವುದಿಲ್ಲ. ಹಾಗಿರುವಾಗ "ಎಲ್ಲ ತಣ್ಣಗಾದ ಮೇಲೆ" ಎಂಬ ಲೆಕ್ಕದಲ್ಲಿ ಅರ್ಥವಿಲ್ಲ. ಮುಂದಿನ ಬರಗಾಲಕ್ಕೂ ನೀವು ಅದೇ ಮೆಟ್ಟಿಲು ಹತ್ತಿ ಇಳಿಯುತ್ತೀರಿ, ಅವರು ಅದೇ ಕೆಳಮನೆಯಲ್ಲಿರುತ್ತಾರೆ, ಈ ಬಾರಿ ಅವರನ್ನು ಹೋಗಗೊಡದಿದ್ದರೆ.

2016ರಲ್ಲಿ ಸೆಪ್ಟೆಂಬರ್ 9ರ ಬಂದ್‌ಗೆ ನಾನೂ ಹೋಗಿ ಘೋಷಣೆ ಕೂಗಿ ಬಂದೆ. ಅಂದು ಸಂಜೆ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಕೊಯಮತ್ತೂರಿನ ಹುಡುಗನನ್ನು ಕರೆದು, ತಮಿಳುನಾಡು ನಂಬರಿನ ಅವನ ಬೈಕನ್ನು ಗೇಟಿನ ಒಳಗೆ, ನನ್ನ ಕಾರಿನ ಹಿಂದೆ ನಿಲ್ಲಿಸಿಕೊಂಡೆ. ಹುಡುಗರು ಏನು ಮಾತಾಡುತ್ತಿದ್ದಾರೆಂದು ಮುಚ್ಚಿಡದೆ ಹೇಳಿದೆ. 12ರಂದು ನಗರದಲ್ಲಿ ತಮಿಳುನಾಡಿನ ಬಸ್ಸುಗಳು ಸಾಲಾಗಿ ಉರಿದವು, ಹದಿನಾರು ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಂತು. ನಮ್ಮ ಬೀದಿಗೆ ಯಾರೂ ಬರಲಿಲ್ಲ. ಬೈಕ್ ಎಲ್ಲಿದೆ ಎಂದು ನೆರೆಮನೆಯ ಹಿರಿಯರೊಬ್ಬರು ಕೇಳಿದರು, ನಮ್ಮಲ್ಲಿದೆ ಎಂದೆ, ಒಳ್ಳೆಯದಾಯಿತು ಎಂದು ಹೇಳಿ ಒಳಗೆ ಹೋದರು. ಹೆಸರು ಕೆಡುತ್ತದೆ ಎಂದು ನಾನು ಇಪ್ಪತ್ತೈದು ವರ್ಷಗಳ ಹಿಂದೆ ಹೆದರಿದ್ದ ಘಟನೆ ಅಷ್ಟರಲ್ಲಿ ಮುಗಿದಿತ್ತು.

ಮರುವರ್ಷ ಟೈಲರ್ ಅಣ್ಣನನ್ನು ಹುಡುಕಲು ಹೊರಟೆ. ತಿರುವಣ್ಣಾಮಲೈ ಬಸ್ ನಿಲ್ದಾಣದಲ್ಲಿ ಇಳಿದು ಮೂರು ಬೀದಿಗಳ ಟೈಲರ್ ಅಂಗಡಿಗಳಲ್ಲಿ ವಿಚಾರಿಸಿದೆ. ಯಾವ ಹಳ್ಳಿ ಎಂದು ಅವರು ಕೇಳಿದರು. ನಾಲ್ಕು ವರ್ಷ ಎದುರು ಮನೆಯಲ್ಲಿದ್ದವನಿಗೆ ಹಳ್ಳಿಯ ಹೆಸರು ಗೊತ್ತಿರಲಿಲ್ಲ. ಸಂಜೆಯ ಬಸ್ಸಿಗೆ ಹಿಂತಿರುಗಿದೆ.

ಆದ್ದರಿಂದ ಮೆರವಣಿಗೆಗೆ ಹೋಗಿ, ಅದನ್ನು ಕೆಳಮನೆಯವರಿಂದ ಮುಚ್ಚಿಡಬೇಡಿ. ಏನೂ ಆಗುವುದಿಲ್ಲ ಎಂದು ಮಾತ್ರ ಹೇಳಬೇಡಿ, ಊರಿಗೆ ಹೋಗಿ ಬನ್ನಿ ಎಂದು ನೀವಾಗಿ ಸಲಹೆ ಕೊಡಬೇಡಿ. ಅವರ ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ, ಮಕ್ಕಳು ಯಾವ ದಾರಿಯಲ್ಲಿ ಶಾಲೆಗೆ ಹೋಗುತ್ತಾರೆ, ಹೊತ್ತಲ್ಲದ ಹೊತ್ತಿನಲ್ಲಿ ಯಾರ ಫೋನಿಗೆ ಕರೆ ಮಾಡಬೇಕು, ಇಷ್ಟನ್ನು ಇಂದು ಸಂಜೆಯೇ ಕೆಳಗಿಳಿದು ಹೋಗಿ ಮಾತಾಡಿ. ಹಾಗೆಯೇ ಅವರ ಊರು ಯಾವುದೆಂದು ಕೇಳಿ ಬರೆದಿಟ್ಟುಕೊಳ್ಳಿ.